ಪುದಿಯಾಪ್ಲೆ ತಂದ ಚಕ್ರ

ಫಯಾಝ್ ಅಲ್ಲಿಯವರೆಗೆ ಮೂರು ರೇಸಿಗೆ ಇಳಿದಿದ್ದ. ಒಂದರಲ್ಲಿ ಅವನ ನೀರಿನ ಬಾಟ್ಲಿ ಸೈಕಲಿನಿಂದ ಕಳಚಿ, ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ ಕೊನೆಯ ಗೆರೆ ದಾಟಿತ್ತು. ಅವನು ಮಾತ್ರ ಒಂದರಲ್ಲೂ ದಾಟಿರಲಿಲ್ಲ.

ಗುಡ್ಡದ ನೆತ್ತಿಯಿಂದ ಸೈಕಲಿನಲ್ಲಿ ಕೆಳಗೆ ಧುಮುಕುವ ಆಟ ಅದು. ಡೌನ್‌ಹಿಲ್ ಅಂತ ಸ್ಟೈಲಾದ ಹೆಸರು. ಆದರೆ ನಮ್ಮ ಕಡೆಯ ಗುಡ್ಡವೆಂದರೆ ಮುರಕಲ್ಲು, ಕೆಂಪಗಿನ ಒರಟು ಬಂಡೆ. ಸಾಲದ್ದಕ್ಕೆ ಅಲ್ಲಲ್ಲಿ ಕಲ್ಲು ಕಡಿದು ಬಿಟ್ಟುಹೋದ ಕೋರೆ, ಕೋರೆಗೆ ಮೆಟ್ಟಿಲು. ಆ ಮೆಟ್ಟಿಲಿಗೆ ಹಿಂದಿನ ಚಕ್ರ ಬಡಿದರೆ ರಿಮ್ ಜಿಲೇಬಿಯಾಗುತ್ತಿತ್ತು. ಮೂರು ರೇಸು, ಮೂರು ಜಿಲೇಬಿ.

ಮೂರನೆಯದನ್ನು ಹೆಗಲಿಗೆ ಹಾಕಿಕೊಂಡು ಅವನು ಪಾಣೆಮಂಗಳೂರಿನ ಮನೆಗೆ ಬಂದ ದಿನ ಉಮ್ಮ ಝೈನಬ್ ಜಗಲಿಯಲ್ಲೇ ತೀರ್ಪು ಕೊಟ್ಟರು.

"ಇದು ಲಾಸ್ಟ್. ಇನ್ನೊಂದು ಚಕ್ರ ಮುರಿದ್ರೆ ಸೈಕಲ್ ಗುಜರಿಗೆ. ನೋಡ್ತಾ ಇರು."

"ಉಮ್ಮ, ಈ ಫಯಾಝ್ ಬೀಳುವುದಿಲ್ಲ. ನೆಲವೇ ಎದ್ದು ಬಂದು ಅಪ್ಪಿಕೊಳ್ತದೆ."

"ಅಪ್ಪಿಕೊಳ್ಳಲಿ. ಹೊಸ ಚಕ್ರವನ್ನೂ ಅದರ ಹತ್ತಿರವೇ ಕೇಳು."

ಇದು ಫಯಾಝನ ಹುಟ್ಟುಗುಣ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದರೂ ಅವನಿಗೆ ಹಿನ್ನೆಲೆ ಸಂಗೀತ ಕೇಳಿಸುತ್ತಿತ್ತು. ಉಜಿರೆಯ ಕಾಲೇಜಿನಲ್ಲಿ ಅಟೆಂಡೆನ್ಸ್ ಕೂಗಿದರೆ 'ಪ್ರೆಸೆಂಟ್' ಎನ್ನುವ ಬದಲು 'ಬಂದಾಯ್ತು ಅಂತ ಹೇಳಿ' ಎನ್ನುತ್ತಿದ್ದ. ಎರಡು ಸಲ ಅದಕ್ಕಾಗಿಯೇ ಹೊರಗೆ ಹೋಗಿಯೂ ಆಗಿತ್ತು.

ರೇಸಿನಿಂದ ಜೊತೆಗೇ ಬಂದಿದ್ದ ಅವನ ರೂಮ್‌ಮೇಟ್ ತರುಣ್‌ಗೆ ಡೈಲಾಗಿನ ಕಾಯಿಲೆ ಇರಲಿಲ್ಲ. ಅವನು ಮುರಿದ ಚಕ್ರವನ್ನು ಎತ್ತಿ ಹಿಡಿದು ಹೇಳಿದ, "ನೋಡು ಮಾರಾಯ, ನಿನಗೆ ಬೇಕಾದದ್ದು ಚಂದದ ಚಕ್ರ ಅಲ್ಲ. ಅಗಲದ ಅಲ್ಯೂಮಿನಿಯಂ ರಿಮ್, ಮೂವತ್ತೆರಡು ಕಡ್ಡಿ, ಮಣ್ಣು ಹೋಗದ ಬೇರಿಂಗ್. ಭಾರ ಇದ್ರೆ ಇರಲಿ, ಇಳಿಯುವವನಿಗೆ ಭಾರ ಏನು ಮಾಡ್ತದೆ? ಮುಖ್ಯ ಅಂದ್ರೆ, ಒಂದು ಕಡ್ಡಿ ತುಂಡಾದ್ರೆ ಬಿ.ಸಿ. ರೋಡಿನ ಅಂಗಡಿಯಲ್ಲಿ ಅದೇ ಕಡ್ಡಿ ಸಿಗಬೇಕು. ರಿಮ್ ಸ್ವಲ್ಪ ಡೊಂಕಾದ್ರೆ ಬೆಂಡ್ ತೆಗೆದು ಮತ್ತೆ ಓಡಿಸ್ಲಿಕ್ಕೆ ಆಗಬೇಕು. ಅದೇ ಕಮ್ಮಿ ಖರ್ಚಿನ ಚಕ್ರ."

ಇಷ್ಟನ್ನೂ ತರುಣ್ ಅಚ್ಚುಕಟ್ಟಾಗಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿಯೂ ಇದ್ದ. ಫಯಾಝ್ ಅದಕ್ಕೆ ಹೆಬ್ಬೆರಳು ಎತ್ತಿ ಸುಮ್ಮನಾದ.

ಆ ವಾರವೇ ಶಾರ್ಜಾದಿಂದ ಅಝೀಮ್ ಭಾವನ ಫೋನ್ ಬಂತು. ಅಕ್ಕ ರಾಫಿಯಾಳ ಗಂಡ, ಅತ್ತರಿನ ಅಂಗಡಿಯಲ್ಲಿ ಕೆಲಸ. ರಜೆಗೆ ಬರುವವನಿದ್ದ.

"ನಿನ್ನ ಚಕ್ರ ಮುರಿಯಿತಂತೆ ಫಯಾಝ್? ನಾನು ತರ್ತೇನೆ. ಎಂಥದ್ದು ಬೇಕು, ಮೆಸೇಜ್ ಹಾಕು."

ತರುಣನ ಮೆಸೇಜನ್ನು ಹಾಗೆಯೇ ದಾಟಿಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಹೀರೋ ಚಕ್ರದ ಸೈಜಿನ ಒಂದು ಫೋಟೋ ಹಾಕಿ, ಕೆಳಗೆ ಬರೆದ: 'ಭಾವ, ಚಕ್ರ ಬರುವ ಸುದ್ದಿ ಕೇಳಿಯೇ ಗುಡ್ಡ ನಡುಗಬೇಕು.'

ಅಝೀಮನಿಗೆ ಸೈಜು ಅರ್ಥವಾಯಿತು, ಗುಡ್ಡ ಅರ್ಥವಾಗಲಿಲ್ಲ. ಉಳಿದದ್ದನ್ನು ಅವನು ಗಲ್ಫಿನ ಲೆಕ್ಕದಲ್ಲಿ ತೀರ್ಮಾನಿಸಿದ. ಊರಿಗೆ ಬರುವವನ ಪಾಲಿಗೆ ವಸ್ತುವಿನ ಮೊದಲ ಗುಣವೇ ತೂಕ. ಹಾಲಿನ ಪುಡಿ, ಚಾಕೊಲೇಟು, ಕಂಬಳಿ, ಎಲ್ಲವೂ ಏರ್‌ಪೋರ್ಟಿನ ತಕ್ಕಡಿಯ ಮೇಲೆ ಕೂರಬೇಕು. ಆದ್ದರಿಂದ ಅಂಗಡಿಯಲ್ಲಿ ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ದುಬಾರಿ ಚಕ್ರದ ಜೋಡಿಯನ್ನೇ ಆರಿಸಿದ. ಕೆಂಪು ಪಟ್ಟಿಯ ಕಾರ್ಬನ್ ಚಕ್ರ!

ಪೆಟ್ಟಿಗೆ ಬಿಚ್ಚುವಾಗ ಚಾವಡಿ ತುಂಬ ಜನ. ಅಝೀಮ್ ಚಕ್ರವನ್ನು ಕಿರುಬೆರಳಿನಲ್ಲಿ ಎತ್ತಿ ತೋರಿಸಿದ. ಪಕ್ಕದ ಮನೆಯ ಆಯಿಶಮ್ಮ ಎತ್ತಿದರು. ಉಮ್ಮ ಎತ್ತಿ, ಹಿಗ್ಗಿನಿಂದ ಅಂದರು, "ಅಲ್ಲಾಹ್, ಹಪ್ಪಳದ ಹಾಗೆ ಉಂಟು!"

ಫಯಾಝ್ ಚಕ್ರವನ್ನು ಮಡಿಲಿಗೆ ಎಳೆದುಕೊಂಡ. ಕಡ್ಡಿ ಎಣಿಸಿದ. ಇಪ್ಪತ್ತನಾಲ್ಕೇ. ಅವೂ ಕೂದಲಿನಷ್ಟು ತೆಳು. ಹಪ್ಪಳವನ್ನು ಮುರಕಲ್ಲಿನ ಮೇಲೆ ಹಾಕಿದರೆ ಏನಾಗುತ್ತದೆಂದು ತಿಳಿಯಲು ಕಾಲೇಜಿಗೆ ಹೋಗಬೇಕಾಗಿರಲಿಲ್ಲ.

"ಶಬ್ದ ಕೇಳು," ಎಂದು ಅಝೀಮ್ ಚಕ್ರ ತಿರುಗಿಸಿದ. ಜ್ರೀ... ಅಂತ ಜೀರುಂಡೆ ಕೂಗಿದಂತೆ ಸದ್ದು. ಆ ದಿನ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಆ ಸದ್ದು ಸಿಕ್ಕಿತು.

'ಭಾವ, ಇದು ಆಗುವುದಿಲ್ಲ' ಎಂದು ಹೇಳಿಬಿಡಬಹುದಿತ್ತಲ್ಲ ಎನ್ನುವವರು ಬ್ಯಾರಿಗಳ ಮನೆಯಲ್ಲಿ ಅಳಿಯನನ್ನು ನೋಡಿಲ್ಲ ಅಂತ ಲೆಕ್ಕ. ಅಳಿಯ ಅಂದರೆ ಪುದಿಯಾಪ್ಲೆ. ಮದುವೆಯಾಗಿ ಎಷ್ಟು ವರ್ಷವಾದರೂ ಹೊಸ ಮದುಮಗನೇ. ಅವನು ಕೂತರೆ ತಲೆದಿಂಬು ಬರಬೇಕು, ಎದ್ದರೆ ಚಪ್ಪಲಿ ನೇರವಾಗಿರಬೇಕು. ಅವನು ತಂದದ್ದರಲ್ಲಿ ಕೊರತೆ ಹುಡುಕುವುದೆಂದರೆ ಅಕ್ಕನ ಮುಖಕ್ಕೆ ಮಸಿ ಬಳಿದಂತೆ. ಫಯಾಝ್ ಬಾಯಿ ತೆರೆಯುವ ಮೊದಲೇ ಉಮ್ಮ ಅಡುಗೆಮನೆಗೆ ಎಳೆದೊಯ್ದು, "ಮುಖ ಯಾಕೆ ಹಾಗೆ ಮಾಡಿದ್ದಿ? ನಗು. ಭಾನುವಾರದ ರೇಸಿಗೆ ಅದನ್ನೇ ಹಾಕ್ಬೇಕು. ಪುದಿಯಾಪ್ಲೆ ತಂದದ್ದು!" ಎಂದರು.

ಹಾಕಿದರೆ ಮೊದಲ ಮೆಟ್ಟಿಲಲ್ಲೇ ಚಕ್ರ ಪುಡಿ, ಸೈಕಲ್ ಗುಜರಿಗೆ. ಹಾಕದಿದ್ದರೆ ಮರ್ಯಾದೆ ಗುಜರಿಗೆ.

ಮರುದಿನ ಉಜಿರೆಯ ಕ್ಯಾಂಟೀನಿನಲ್ಲಿ ತರುಣ್ ತಲೆಯ ಮೇಲೆ ಕೈಹೊತ್ತು ಕೂತ. "ನಾನು ಅಷ್ಟು ಬರೆದು ಕೊಟ್ಟದ್ದು ಎಂತಕ್ಕೆ? ಇದು ಹತ್ತುವವರ ಚಕ್ರ. ಇದನ್ನು ಹಾಕಿ ಇಳಿದ್ರೆ ನಿನ್ನನ್ನು ಕಸಬರಿಕೆಯಲ್ಲಿ ಗುಡಿಸಿ ತರ್ಬೇಕು."

"ಹತ್ತುವವರದ್ದಾ?"

ಇಬ್ಬರೂ ಒಟ್ಟಿಗೆ ಆಚೆ ಮೇಜಿನ ಕಡೆ ತಿರುಗಿದರು. ಅಲ್ಲಿ ಬೆಳ್ತಂಗಡಿಯ ತೃಷಾ ಬನ್ಸ್ ತಿನ್ನುತ್ತಿದ್ದಳು. ಆ ಭಾನುವಾರ ಮಿಜಾರಿನ ಒಂದೇ ಗುಡ್ಡದಲ್ಲಿ ಬೆಳಿಗ್ಗೆ ಸೈಕಲ್ ಹತ್ತಿಸುವ ರೇಸು, ಮಧ್ಯಾಹ್ನದ ಮೇಲೆ ಇಳಿಸುವ ರೇಸು. ಹತ್ತುವುದರಲ್ಲಿ ತೃಷಾ ಹೆಸರುವಾಸಿ. ಆದರೆ ಸೆಕೆಂಡ್ ಹ್ಯಾಂಡ್ ಸೈಕಲಿನೊಟ್ಟಿಗೆ ಬಂದ ಅವಳ ಚಕ್ರಗಳು ಅಗಲ ಅಲ್ಯೂಮಿನಿಯಂ, ದಪ್ಪ ಕಡ್ಡಿ. 'ಹಿಂದೆ ಯಾರೋ ಅಕ್ಕಿಮೂಟೆ ಕಟ್ಟಿದ ಹಾಗೆ' ಎಂದು ಕಾಲೇಜಿಡೀ ಹೇಳಿಕೊಂಡು ತಿರುಗುತ್ತಿದ್ದಳು. ಸೈಜು ಇಬ್ಬರದೂ ಒಂದೇ.

ಫಯಾಝ್ ಕೆಂಪು ಪಟ್ಟಿಯ ಚಕ್ರವನ್ನು ಅವಳ ಕೈಗಿಟ್ಟು ಅದಲುಬದಲಿನ ಮಾತು ತೆಗೆದ. ತೃಷಾ ಚಕ್ರ ನೋಡಿದಳು, ಅವನನ್ನು ನೋಡಿದಳು, ಸುತ್ತಲೂ ನೋಡಿದಳು.

"ಕ್ಯಾಮೆರಾ ಎಲ್ಲಿ ಇಟ್ಟಿದ್ದಿ?"

"ಕ್ಯಾಮೆರಾ ಇಲ್ಲ ಮಾರಾಯ್ತಿ."

"ಹೋದ ತಿಂಗಳು ನೀನು ಪ್ರಿನ್ಸಿಪಾಲರ ಸ್ವರದಲ್ಲಿ ಫೋನ್ ಮಾಡಿ ನನ್ನಿಂದ ಎರಡು ಪುಟ ಕ್ಷಮಾಪಣೆ ಬರೆಸಿದ್ದಿ."

"ತೃಷಾ, ಇವತ್ತು ಡೈಲಾಗೂ ಇಲ್ಲ, ಕಾಮಿಡಿಯೂ ಇಲ್ಲ. ಇಂಟರ್ವಲ್‌ನಲ್ಲಿ ಹೀರೋ ಸಾಯುವ ಸ್ಥಿತಿ."

"ಅದೇ ಒಂದು ಡೈಲಾಗ್!" ಎಂದು ತೃಷಾ ನಕ್ಕಳು. ಆದರೆ ಚಕ್ರವನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಒಂದು ದಿನದ ಮಟ್ಟಿಗೆ ಅದಲುಬದಲು ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಅಝೀಮನ ಫೋನ್. "ಭಾನುವಾರ ನಾವೆಲ್ಲ ಮಿಜಾರಿಗೆ ಬರ್ತೇವೆ! ನಿನ್ನ ಉಮ್ಮನೂ ಬರ್ತಾರೆ. ನನ್ನ ಚಕ್ರ ಹಾರುವುದನ್ನು ನೋಡಬೇಕು."

ತರುಣ್ ರಿಕ್ಷಾಗಳಿಗೆ ಸ್ಟಿಕ್ಕರ್ ಹಚ್ಚುವ ಅಂಗಡಿಗೆ ಓಡಿ ಕೆಂಪು ರೇಡಿಯಂ ಟೇಪ್ ತಂದ. ತೃಷಾಳ ದಪ್ಪ ರಿಮ್ಮಿಗೆ ಸುತ್ತಲೂ ಅಂಟಿಸಿ, ಹಿಂದೆ ಸರಿದು ನಿಂತು ನೋಡಿ ಹೇಳಿದ, "ದೂರದಿಂದ ಒರಿಜಿನಲ್. ಹತ್ತಿರದಿಂದ ಮದುವೆ ಕಾರು. ನಿನ್ನ ಭಾವನನ್ನು ದೂರವೇ ನಿಲ್ಲಿಸು."

ಭಾನುವಾರ ಬಂತು. ಮಿಜಾರಿನ ಗುಡ್ಡದ ನೆತ್ತಿಯಲ್ಲಿ ಪಾಣೆಮಂಗಳೂರಿನ ಕಾರು ನಿಂತಿತು. ಉಮ್ಮ, ರಾಫಿಯಾ ಮರದ ನೆರಳಿನಲ್ಲಿ ಚಾಪೆ ಹಾಸಿ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರಿನ ಪಾತ್ರೆ ಇಳಿಸುತ್ತಿದ್ದರು. ಅಝೀಮ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಶಾರ್ಜಾದ ಅರ್ಧ ಅಂಗಡಿಯನ್ನು ಮೈಗೆ ಪೂಸಿಕೊಂಡವನಂತೆ ಘಮಘಮಿಸುತ್ತ, ಹತ್ತುವ ರೇಸು ಮುಗಿಯುವ ಗೆರೆಯ ಪಕ್ಕದಲ್ಲೇ ನಿಂತ. ಫಯಾಝ್ ಅವನನ್ನು ಹತ್ತು ಸಲ ಚಾಪೆಯ ಕಡೆ ಎಳೆದ. ಪುದಿಯಾಪ್ಲೆ ಅಲ್ಲಾಡಲಿಲ್ಲ.

ತಿರುವಿನಲ್ಲಿ ತೃಷಾ ಕಾಣಿಸಿದಳು. ಅವಳ ಹಿಂದೆ ಬಹಳ ದೂರದವರೆಗೆ ಯಾರೂ ಇರಲಿಲ್ಲ. ಗೆರೆ ದಾಟಿದವಳೇ ಪೆಡಲ್ ನಿಲ್ಲಿಸಿ, ಕೈ ಮೇಲೆತ್ತಿ, ಸೈಕಲನ್ನು ಹಾಗೆಯೇ ಉರುಳಲು ಬಿಟ್ಟಳು.

ಜ್ರೀ...

ಚಪ್ಪಾಳೆ ತಟ್ಟುತ್ತಿದ್ದ ಅಝೀಮನ ಕೈ ಗಾಳಿಯಲ್ಲೇ ನಿಂತಿತು. "ಇದು ನಮ್ಮ ಶಬ್ದ!"

"ಜೀರುಂಡೆ ಇರಬೇಕು ಭಾವ. ಮಿಜಾರಿನಲ್ಲಿ ಜಾಸ್ತಿ."

ಅಝೀಮ್ ಬಂದು ಫಯಾಝನ ಸೈಕಲನ್ನು ಎತ್ತಿ ಹಿಂದಿನ ಚಕ್ರ ತಿರುಗಿಸಿದ. ಮುದುಕರು ಎಲೆ ಅಡಿಕೆ ಜಗಿದಂತೆ ಕಟ ಕಟ ಅಂತ ಮೆಲ್ಲನೆ ಸದ್ದು. ಉಗುರಿನಿಂದ ಕೆಂಪು ಟೇಪಿನ ತುದಿ ಕೆರೆದ. ಅದು ಮೊಳದುದ್ದ ಕಿತ್ತುಬಂತು.

ಫಯಾಝನಿಗೆ ಬೇಕಾದಾಗ ಒಂದು ಡೈಲಾಗೂ ಬರಲಿಲ್ಲ. ಬಂದದ್ದು ಬರೀ ಮಾತು.

"ಭಾವ, ನಿಮ್ಮ ಚಕ್ರ ತುಂಬ ಒಳ್ಳೆಯದು. ಆದ್ರೆ ಇಳಿಯಲಿಕ್ಕೆ ಆಗುವುದಿಲ್ಲ, ಕಲ್ಲಿಗೆ ಬಡಿದ್ರೆ ಒಡೀತದೆ. ನೀವು ಕೇಳಿದಾಗ ನಾನು ಸರಿಯಾಗಿ ಹೇಳ್ಬೇಕಿತ್ತು. ಅಕ್ಕನಿಗೆ ಬೇಸರ ಆಗ್ತದೆ ಅಂತ ಆಮೇಲೂ ಹೇಳ್ಲಿಲ್ಲ."

ಅಝೀಮ್ ಕೈಯಲ್ಲಿದ್ದ ಟೇಪನ್ನು ಮತ್ತೆ ರಿಮ್ಮಿಗೆ ಅಂಟಿಸಲು ನೋಡಿದ. ಆಮೇಲೆ ನಿಧಾನಕ್ಕೆ ಅಂದ, "ಅಂಗಡಿಯವ ಕೇಳಿದ್ದ ಫಯಾಝ್. ಹತ್ತಲಿಕ್ಕಾ, ಇಳಿಯಲಿಕ್ಕಾ ಅಂತ."

"ನೀವೇನು ಹೇಳಿದ್ರಿ?"

"ಇಳಿಯುವುದು ತನ್ನಿಂತಾನೆ ಆಗ್ತದೆ, ಅದಕ್ಕೆ ಯಾರಾದ್ರೂ ಇಷ್ಟು ಖರ್ಚು ಮಾಡ್ತಾರಾ, ಹತ್ತಲಿಕ್ಕೇ ಕೊಡು ಅಂದೆ." ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಇಡೀ ಪುದಿಯಾಪ್ಲೆ ಅಲುಗಿದ. ಮೂರು ದಿನದಿಂದ ಉಸಿರು ಹಿಡಿದಿದ್ದ ಫಯಾಝ್ ಸೈಕಲಿಗೆ ಒರಗಿಕೊಂಡು ಕಣ್ಣೀರು ಬರುವಷ್ಟು ನಕ್ಕ.

ಕಪ್ ಹಿಡಿದುಕೊಂಡು ಬಂದ ತೃಷಾ ಇಬ್ಬರನ್ನೂ ಕಂಡು ಹೆದರಿ ನಿಂತಳು.

"ಹತ್ತುವಾಗ ಹೇಗಾಯಿತು?" ಅಝೀಮ್ ಕೇಳಿದ.

"ಅಣ್ಣಾ, ಹೇಳಿದ್ರೆ ನಂಬ್ಲಿಕ್ಕಿಲ್ಲ. ಗುಡ್ಡವೇ ಬಗ್ಗಿ ದಾರಿ ಬಿಟ್ಟ ಹಾಗೆ ಆಯ್ತು."

ಆ ಒಂದು ಮಾತಿಗೆ ಅಝೀಮನ ಎದೆ ಎರಡು ಇಂಚು ಅಗಲವಾಯಿತು. "ಹಾಗಾದ್ರೆ ನಿನ್ನ ಹತ್ತಿರವೇ ಇರಲಿ. ಸರಿಯಾದ ಮನೆಗೆ ಹೋಯಿತು."

"ಸುಮ್ಮನೆ ಬೇಡ ಅಣ್ಣಾ. ನನ್ನ ಚಕ್ರಕ್ಕೂ ಇದಕ್ಕೂ ಸಮ ಆಗುವುದಿಲ್ಲ." ತೃಷಾ ಯೋಚಿಸಿದಳು. "ನಮ್ಮ ಮನೆಯಲ್ಲಿ ಜೀಪ್ ಉಂಟು, ಇವತ್ತೂ ಅದರಲ್ಲೇ ಬಂದದ್ದು. ಇವನು ಪ್ರತಿ ಸಲ ಇಳಿಯಲಿಕ್ಕೆ ಸೈಕಲ್ ಹೊತ್ತು ಗುಡ್ಡ ಹತ್ತುವುದಲ್ವಾ? ಇನ್ನು ಸೈಕಲನ್ನೂ ಇವನನ್ನೂ ನಾನು ಜೀಪಿನಲ್ಲಿ ಹತ್ತಿಸ್ತೇನೆ. ಡೈಲಾಗ್ ಹೊಡೆದ್ರೆ ಅರ್ಧ ದಾರಿಯಲ್ಲಿ ಇಳಿಸ್ತೇನೆ."

ಮಧ್ಯಾಹ್ನದ ಮೇಲೆ ಫಯಾಝ್ ನೆತ್ತಿಯಲ್ಲಿ ನಿಂತ. ಉಮ್ಮ, ಅಕ್ಕ, ಭಾವ, ತರುಣ್ ಎಲ್ಲರನ್ನೂ ತೃಷಾ ಆಗಲೇ ಜೀಪಿನಲ್ಲಿ ಕೋರೆಯ ಕೆಳಗೆ, ಇಳಿಯುವವರ ಕೊನೆಯ ಗೆರೆಯ ಹತ್ತಿರ ಕರೆದೊಯ್ದಿದ್ದಳು. ಸೀಟಿ ಕೂಗಿತು.

ಮೊದಲ ತಿರುವು ದಾಟಿತು. ಹುಲ್ಲು, ಬೇರು, ಸಡಿಲ ಕಲ್ಲು, ಎಲ್ಲ ಕಾಲಡಿಯಲ್ಲಿ ಒಂದೇ ಕೆಂಪು ಗೆರೆಯಾಗಿ ಓಡಿತು. ಆಮೇಲೆ ಕೋರೆ ಬಂತು. ಮೂರು ರೇಸನ್ನು ನುಂಗಿದಂಥದ್ದೇ ಮೆಟ್ಟಿಲು. ಫಯಾಝ್ ಮೈಯನ್ನು ಹಿಂದಕ್ಕೆ ಎಳೆದು, ಸೈಕಲನ್ನು ಬಿಟ್ಟುಕೊಟ್ಟ. ಟಣ್! ಹಲ್ಲು ಹಲ್ಲಿಗೆ ಬಡಿಯಿತು. ಜಿಲೇಬಿಯ ಸದ್ದಿಗೆ ಕಿವಿಗೊಟ್ಟು ಕಾದ. ಬರಲಿಲ್ಲ. ಇನ್ನೊಂದು ಮೆಟ್ಟಿಲು, ಟಣ್! ಕೊನೆಯದು, ಟಣ್! ಕಿತ್ತುಬಂದ ರೇಡಿಯಂ ಟೇಪು ಬಾಲದಂತೆ ಹಿಂದೆ ಹಾರುತ್ತಿತ್ತು, ಚಕ್ರ ಮಾತ್ರ ನೆಟ್ಟಗೆ ತಿರುಗುತ್ತಿತ್ತು. ಅಗಲವಾದ, ಒರಟಾದ, ಅಕ್ಕಿಮೂಟೆಯಂಥ ಚಕ್ರ!

ಅವನು ಗೆರೆ ದಾಟಿದಾಗ ಅವನಿಗಿಂತ ನಿಧಾನದವರು ಇಬ್ಬರೇ ಇದ್ದರು. ಆದರೆ ಅವನ ಕಿರುಚಾಟ ಕೇಳಿದವರು ಗೆದ್ದವನು ಇವನೇ ಅಂದುಕೊಂಡರು. ತರುಣ್ ಎರಡೂ ಕೈಯಲ್ಲಿ ಅವನ ಹೆಲ್ಮೆಟ್ಟಿಗೆ ಬಡಿದು ಬಡಿದು ಕುಣಿದ.

ಉಮ್ಮ ಮಗನ ಹತ್ತಿರ ಬರಲಿಲ್ಲ, ಚಕ್ರದ ಹತ್ತಿರ ಬಂದರು. ಬಗ್ಗಿ, ಕಡ್ಡಿಗಳನ್ನು ಮುಟ್ಟಿ, ರಿಮ್ಮನ್ನು ಸುತ್ತ ಸವರಿದರು.

"ಇದು ಪುದಿಯಾಪ್ಲೆ ತಂದದ್ದು ಅಲ್ಲವಲ್ಲ?"

ಫಯಾಝ್ ಬಾಯಿ ತೆರೆಯುವ ಮೊದಲೇ ಅಝೀಮ್ ಮುಂದೆ ಬಂದ. "ಅಲ್ಲ ಮಾಮಿ. ನಾನು ತಂದದ್ದು ಬೆಳಿಗ್ಗೆಯೇ ಕಪ್ ಗೆದ್ದು ಆಯಿತು. ಇದಕ್ಕೆ ಅದನ್ನು ನಾನೇ ಬದಲು ಕೊಟ್ಟದ್ದು."

ಪುದಿಯಾಪ್ಲೆಯೇ ಹಾಗೆ ಹೇಳಿದ ಮೇಲೆ ಅಪೀಲಿಲ್ಲ. ಹಿಂದೆ ನಿಂತಿದ್ದ ರಾಫಿಯಾ ಗಂಡನನ್ನೂ ತಮ್ಮನನ್ನೂ ಒಮ್ಮೆ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಉಮ್ಮ ಚಕ್ರವನ್ನು ಇನ್ನೊಮ್ಮೆ ತಿರುಗಿಸಿದರು. ಅದು ಎಲ್ಲೂ ತಾಗದೆ, ಎಲ್ಲೂ ಓಲಾಡದೆ ತಿರುಗಿ ತಿರುಗಿ ನಿಂತಿತು.

"ಮುರೀಲಿಲ್ಲ," ಎಂದರು.

"ಮುರೀಲಿಲ್ಲ ಉಮ್ಮ."

"ಹಾಗಾದ್ರೆ ಇನ್ನೊಮ್ಮೆ ಹತ್ತಿ ಇಳಿ."

"ಯಾಕೆ?"

"ನೀನು ಮೆಟ್ಟಿಲಿಗೆ ಬರುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಏನೂ ನೋಡ್ಲಿಲ್ಲ."

ತೃಷಾ ಜೀಪ್ ಸ್ಟಾರ್ಟ್ ಮಾಡಿದಳು.