ಮುಯ್ಯಾಳು ಬಾರದ ಪಿಟ್

ಸುಂಟಿಕೊಪ್ಪದಲ್ಲಿ ನಮ್ಮ ಗದ್ದೆಯೂ ಪ್ರಜ್ಞೇಶನ ಮನೆಯವರ ಗದ್ದೆಯೂ ಒಂದೇ ಬದುವಿನ ಆಚೆ ಈಚೆ. ನಾಟಿಗೆ ಅವರು ನಮ್ಮಲ್ಲಿಗೆ ಬಂದರೆ ಮರುದಿನ ನಾವು ಅವರಲ್ಲಿಗೆ. ಈ ಮುಯ್ಯಾಳಿಗೆ ಕೂಲಿಯಿಲ್ಲ, ಕರೆಯಲು ಹೋಗುವ ಪದ್ಧತಿಯೂ ಇಲ್ಲ. ‘ನಾಳೆ ಬರ್ತೀರಲ್ಲ?’ ಎಂದು ಕೇಳಿದರೆ ಆ ಮನೆಯವರ ಮುಖ ಸಣ್ಣದಾಗುತ್ತದೆ. ನಮ್ಮ ಮೇಲೆ ನಂಬಿಕೆಯಿಲ್ಲವೇ ಎಂದು.

ರಿಮೋಟ್ ಕಾರುಗಳನ್ನೂ ನಾವಿಬ್ಬರು ಹಾಗೆಯೇ ಓಡಿಸಿದೆವು. ಅವು ಆಟಿಕೆಗಳಲ್ಲ. ಮೊಣಕೈಯುದ್ದದ ಕಾರು, ಒಳಗೆ ಇಂಧನ ಸುಡುವ ನಿಜವಾದ ಎಂಜಿನ್. ಕಾಫಿ ಕಣದ ಪಕ್ಕದ ಮಣ್ಣಿನಲ್ಲಿ ಏರು, ತಿರುವು ಕಡಿದು ಟ್ರ್ಯಾಕ್ ಮಾಡಿಕೊಂಡಿದ್ದೆವು. ಓಡಿಸುವವನು ಎತ್ತರದ ಅಟ್ಟಣೆಯ ಮೇಲೆ ರಿಮೋಟ್ ಹಿಡಿದು ನಿಲ್ಲುತ್ತಾನೆ. ಟ್ಯಾಂಕ್ ಖಾಲಿಯಾಗುವ ಮೊದಲು ಕಾರನ್ನು ಕೆಳಗಿನ ಪಿಟ್ಟಿಗೆ ತರಬೇಕು. ಅಲ್ಲಿ ಇನ್ನೊಬ್ಬ ಅದನ್ನೆತ್ತಿ, ಇಂಧನ ತುಂಬಿ, ಮತ್ತೆ ಬಿಡಬೇಕು. ಪ್ರಜ್ಞೇಶ ಓಡಿಸುವಾಗ ಪಿಟ್ಟಿನಲ್ಲಿ ನಾನು, ನಾನು ಓಡಿಸುವಾಗ ಅವನು.

ಪೋರ್ಚುಗಲ್‌ನ ವಿಶ್ವಸ್ಪರ್ಧೆಗೂ ಹಾಗೆಯೇ ಹೋದೆವು. ಉಳಿದವರ ಬೆನ್ನಿಗೆ ಕಂಪನಿಗಳಿದ್ದವು, ಮೆಕ್ಯಾನಿಕ್‌ಗಳಿದ್ದರು, ಬಣ್ಣದ ಡೇರೆಗಳಿದ್ದವು. ನಮಗೆ ಪ್ರಜ್ಞೇಶನ ತಂಗಿ ಮೋನಿಷಾ ಹೊಲಿದುಕೊಟ್ಟ ಎರಡು ಹಸಿರು ಅಂಗಿ, ಬೆನ್ನ ಮೇಲೆ ಊರಿನ ಹೆಸರು.

“ಯಾರಾದ್ರೂ ಕೇಳಿದ್ರೆ ನಮ್ಮ ಸ್ಪಾನ್ಸರ್ ಸುಂಟಿಕೊಪ್ಪ ಬಸ್‌ಸ್ಟ್ಯಾಂಡ್ ಅಂತ ಹೇಳಿ ಭಟ್ರೇ,” ಎಂದ ಪ್ರಜ್ಞೇಶ. ನಾನು ಮಧುಸೂದನ, ದೇವಸ್ಥಾನದ ಮನೆಯವನು. ಚಿಕ್ಕಂದಿನಿಂದಲೂ ಅವನ ಬಾಯಲ್ಲಿ ಭಟ್ರೇ.

ಎರಡೂ ಕಾರುಗಳ ಮೂತಿಗೆ ನಾನೇ ಕುಂಕುಮವಿಟ್ಟೆ. ಹೇಗೋ ಇಬ್ಬರೂ ಸೆಮಿಫೈನಲ್ ಮುಟ್ಟಿದೆವು.

ಮೊದಲ ಸೆಮಿ ಅವನದು. ಅಪ್ಪ ಕಾವ್ಯ ಓದುವಾಗ ಪಕ್ಕದಲ್ಲಿ ಕುಳಿತು ಬೆಳೆದವನು ನಾನು. ಸಾಲು ಮುಗಿಯುವ ಮೊದಲು ಅವರ ದನಿ ಒಂದಿಷ್ಟು ತೆಳುವಾಗುತ್ತಿತ್ತು. ಇಂಧನ ತೀರುವ ಮೊದಲು ಎಂಜಿನ್ನಿನ ದನಿಯೂ ಹಾಗೆಯೇ. ಕೇಳಿದೊಡನೆ “ಈಗ ಬಾ!” ಎಂದು ಕೂಗುತ್ತಿದ್ದೆ. ಪ್ರಜ್ಞೇಶ ಫೈನಲ್‌ಗೆ ಹೋದ. ಅಟ್ಟಣೆಯಿಂದ ಇಳಿದವನೇ ನನ್ನನ್ನು ತಬ್ಬಿಕೊಂಡು, “ನಿನ್ನ ಕಿವಿಗೆ ಚಿನ್ನದ ಒಂಟಿ ಹಾಕಿಸ್ಬೇಕು ಮಾರಾಯ!” ಎಂದ. ಅಷ್ಟರಲ್ಲಿ ಒಂದು ಕಂಪನಿಯವರು ಬಂದು ಅವನನ್ನು ತಮ್ಮ ಡೇರೆಗೆ ಕರೆದೊಯ್ದರು.

ಮುಂದಿನ ಸೆಮಿ ನನ್ನದು. ಪಕ್ಕದ ಟೇಬಲ್ಲಿನಲ್ಲಿ ಪೋಲೆಂಡಿನ ಮುದುಕನೊಬ್ಬನಿದ್ದ, ನಮ್ಮಂತೆಯೇ ಹಿಂದೆಮುಂದೆ ಯಾರೂ ಇಲ್ಲದವನು. ನಿನ್ನ ಪಿಟ್ಟಿನಲ್ಲಿ ನಾನು ನಿಲ್ಲಲೇ ಎಂದು ಇಂಧನದ ಬಾಟಲಿ ತೋರಿಸಿ ಕೇಳಿದ. ಬೇಡ, ನನ್ನವನು ಬರುತ್ತಾನೆ ಎಂದೆ. ಡೇರೆಗೆ ಹೋಗಿ ಪ್ರಜ್ಞೇಶನನ್ನು ಕೇಳಬಹುದಿತ್ತು. ಮುಯ್ಯಾಳನ್ನು ಕೇಳುವುದು ಹೇಗೆ? ಮೊದಲ ಟ್ಯಾಂಕ್ ನಾನೇ ತುಂಬಿ, ಕಾರನ್ನು ಸಾಲಿಗಿಟ್ಟು ಅಟ್ಟಣೆ ಹತ್ತಿದೆ.

ಓಟ ಚೆನ್ನಾಗಿಯೇ ಸಾಗಿತ್ತು. ಫೈನಲ್‌ಗೆ ಸಾಕಾಗುವ ಜಾಗದಲ್ಲಿದ್ದೆ. ಎಂಜಿನ್ನಿನ ದನಿ ತೆಳುವಾಯಿತು. ಕಾರನ್ನು ಪಿಟ್ಟಿಗೆ ತಿರುಗಿಸಿ ಕೆಳಗೆ ನೋಡಿದೆ. ಹಸಿರು ಅಂಗಿ ಕಾಣಲಿಲ್ಲ.

ಆದರೆ ಪ್ರಜ್ಞೇಶ ಅಲ್ಲಿದ್ದ. ಕಪ್ಪು ಅಂಗಿ ತೊಟ್ಟಿದ್ದ, ಎದೆಯ ಮೇಲೆ ಕಂಪನಿಯ ಹೆಸರು. ಕೈಯಲ್ಲಿ ಬಾಟಲಿ.

“ಪ್ರಜ್ಞೇಶಾ!”

ತಲೆಯೆತ್ತಿ ನನ್ನನ್ನು ನೋಡಿದ. ನನ್ನ ಕಾರು ಅವನ ಕಾಲ ಬಳಿಯೇ ಬಂದು ಗುರುಗುಟ್ಟುತ್ತ ನಿಂತಿತು. ಹಿಂದೆಯೇ ಆ ಕಂಪನಿಯ ಪರವಾಗಿ ಓಡಿಸುತ್ತಿದ್ದ ಹುಡುಗನ ಕಾರು ಬಂತು. ಪ್ರಜ್ಞೇಶ ಬಗ್ಗಿ ಅದನ್ನೆತ್ತಿದ, ತುಂಬಿದ, ಬಿಟ್ಟ. ನಮ್ಮ ಕಣದಲ್ಲಿ ಇಬ್ಬರೂ ಸೇರಿ ಕಲಿತ ಕೈ ಅದು, ಒಂದು ಹನಿ ಚೆಲ್ಲಲಿಲ್ಲ. ಬೇಲಿಯಾಚೆಯಿಂದ ಪೋಲೆಂಡಿನ ಮುದುಕ ಓಡಿಬಂದ. ಅವನು ಮುಟ್ಟುವಷ್ಟರಲ್ಲಿ ನನ್ನ ಎಂಜಿನ್ ಆರಿತ್ತು. ನನ್ನ ಫೈನಲ್ ಆಸೆ ಅಲ್ಲಿಗೆ ಮುಗಿಯಿತು.

ಸೋತವರು ಫೈನಲ್ ನಡೆಯುವಾಗ ಟ್ರ್ಯಾಕಿನ ತಿರುವುಗಳಲ್ಲಿ ನಿಂತು ಮಗುಚಿದ ಕಾರುಗಳನ್ನು ಎತ್ತಿಡಬೇಕು. ಅಲ್ಲಿಯ ನಿಯಮ. ನನ್ನನ್ನು ಏರಿನ ಕೆಳಗಿನ ತಿರುವಿಗೆ ಹಾಕಿದರು. ಪ್ರಜ್ಞೇಶನ ಕಾರು ನನ್ನ ಎದುರೇ ಮಗುಚಿ, ಚಕ್ರ ಮೇಲಾಗಿ ತಿರುಗತೊಡಗಿತು.

“ಮಧೂ! ಎತ್ತೋ ಬೇಗ!” ಅಟ್ಟಣೆಯಿಂದ ಕೂಗು ಬಂತು. ಆ ಮೈದಾನದಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೆ.

ಮೂತಿಗೆ ಕಂಪನಿಯ ಹೊಸ ಸ್ಟಿಕರ್ ಅಂಟಿಸಿದ್ದರು. ಅದರಂಚಿನಿಂದ ನಾನಿಟ್ಟ ಕುಂಕುಮ ಅರ್ಧ ಕಾಣುತ್ತಿತ್ತು. ಕಾರನ್ನು ನೆಟ್ಟಗೆ ಮಾಡಿ ಬಿಟ್ಟೆ.

ಸಂಜೆ ನಾನು ಸಾಮಾನು ಕಟ್ಟುತ್ತಿದ್ದಾಗ ಪ್ರಜ್ಞೇಶ ಬಂದು ನಿಂತ.

“ಅವರ ಮೆಕ್ಯಾನಿಕ್ ಕೈ ಸುಟ್ಕೊಂಡಿದ್ದ. ಇದೊಂದು ರೇಸಿಗೆ ನಿಂತ್ರೆ ಮುಂದಿನ ವರ್ಷ ಪೂರ್ತಿ ನಿನ್ನ ಖರ್ಚು ನಾವೇ ನೋಡ್ಕೊಳ್ತೇವೆ ಅಂದ್ರು. ನೀನು ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ತೀಯ ಅಂದ್ಕೊಂಡೆ.”

“ಯಾರನ್ನ?”

 ಅವನು ನಗಲು ಹೊರಟ. “ಆದ್ರೂ ನನ್ನ ಕಾರು ಎತ್ತಿದ್ರಲ್ಲ ಭಟ್ರೇ. ಹಾಗೇ ಬಿಡ್ತೀರೇನೋ ಅಂತ ಹೆದರಿದ್ದೆ. ಮುಯ್ಯಾಳು ತಪ್ಪಿಸೋ ಜನ ಅಲ್ಲ ನೀವು.”

“ಅದು ಮುಯ್ಯಾಳಲ್ಲ,” ಎಂದೆ. “ಸೋತವರು ಎತ್ತಬೇಕು ಅಂತ ಇಲ್ಲಿ ರೂಲ್ಸ್ ಉಂಟು.”

ನಾನು ಕಾರಿನ ಚಕ್ರದ ಕೆಸರು ಒರೆಸುತ್ತಲೇ ಇದ್ದೆ. ಅವನು ಹೊರಟ, ಡೇರೆಯ ಹತ್ತಿರ ಹೋಗಿ ಮತ್ತೆ ತಿರುಗಿದ.

“ಊರಿಗೆ ಹೋದ ಕೂಡ್ಲೇ ನಾಟಿ ಶುರುವಾಗ್ತದೆ,” ಎಂದ. “ನಮ್ಮಲ್ಲಿಗೆ ಬರ್ತೀಯಲ್ಲ?”

ನಮ್ಮ ಎರಡು ಮನೆಗಳ ನಡುವೆ ಆ ಪ್ರಶ್ನೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ.