ಮುಳ್ಳು ಆರು ದಾಟಿದಾಗ

ಇಂಜಿನ್ ತಾನಾಗಿ ಎಷ್ಟು ಉಸಿರೆಳೆಯುತ್ತದೋ ಅಷ್ಟರಲ್ಲೇ ಗೆಲ್ಲಬೇಕೆಂಬುದು ನನ್ನಣ್ಣ ಮೈಲಾರಪ್ಪನ ಹಟ. ಗಾಳಿಯನ್ನು ಬಲವಂತವಾಗಿ ಒಳಗೆ ತಳ್ಳುವ ಯಂತ್ರ ಕೊಳ್ಳುವ ಶಕ್ತಿ ಹಿರೇಕೆರೂರಿನ ಲಾರಿ ಮೆಕ್ಯಾನಿಕ್ಕಿಗೆ ಎಲ್ಲಿಂದ ಬರಬೇಕು? ಮದ್ರಾಸಿನ ಕಡೆ ಹಳೆಯ ವಿಮಾನಪಟ್ಟಿಯ ಮೇಲೆ ಕಾಲು ಮೈಲಿಯ ನೇರ ಕಾರು ಓಟದ ಸ್ಪರ್ಧೆಯಿದೆಯೆಂದು ಲಾರಿಯವನೊಬ್ಬ ಹೇಳಿದ್ದ. ಅದು ೧೯೮೫. ಅಂದಿನಿಂದ ಅಣ್ಣ, ಹತ್ತಿ ವ್ಯಾಪಾರಿಯೊಬ್ಬರು ಗುಜರಿಗೆ ಹಾಕಿದ್ದ ಫಿಯೆಟ್ ಕಾರನ್ನು ತಂದು ಬಿಚ್ಚತೊಡಗಿದ. ಬಂಪರು, ಗಾಜು, ಹಿಂದಿನ ಸೀಟು, ಭಾರವೆನಿಸಿದ್ದೆಲ್ಲ ಹೋಯಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಎರಡನೆಯದೊಂದು ಬಂತು.

ನನ್ನನ್ನು ಹೆದರಿಸಿದ್ದು ಫ್ಲೈವೀಲ್. ಇಂಜಿನ್ನಿನ ಬೆನ್ನಿಗೆ ತಿರುಗುವ ಬೀಡುಕಬ್ಬಿಣದ ಚಕ್ರ ಅದು. ಹಗುರಾದಷ್ಟೂ ಇಂಜಿನ್ ಬೇಗ ವೇಗಕ್ಕೇರುತ್ತದೆ. ಹೊಸದು ಕೈಗೆಟುಕದೆ, ಇದ್ದುದನ್ನೇ ಸವಣೂರಿನ ಗೌಸಸಾಬನ ಲೇತಿನಲ್ಲಿ ಕೆತ್ತಿಸಿದ. ಇನ್ನೂ ತೆಳ್ಳಗೆ ಮಾಡು ಎಂದಾಗ ಗೌಸಸಾಬ ಲೇತು ನಿಲ್ಲಿಸಿದ. ನಿಮಿಷಕ್ಕೆ ಆರು ಸಾವಿರ ಸುತ್ತು ದಾಟಿ ಇದು ಒಡೆದರೆ ಚೂರುಗಳು ಹೋಗುವುದು ನಿನ್ನ ಕಾಲಿಗೇ ಎಂದ. ಆರು ಸಾವಿರಕ್ಕೇ ತಡೆಯುತ್ತೇನೆ ಎಂದ ಅಣ್ಣ; ಲೇತು ಮತ್ತೆ ತಿರುಗಿತು.

ಸಾವಿರದ ಲೆಕ್ಕದಲ್ಲಿ ಸುತ್ತು ತೋರಿಸುವ ಮೀಟರೂ ಗುಜರಿಯದೇ. ವೈರು ಗಿಡ್ಡವಾಗಿ ಅದು ಎಡಸೀಟಿನ ಮುಂದೆ ಕೂತಿತು. ಹಾಗಾಗಿ ಪರೀಕ್ಷೆಯ ಓಟಕ್ಕೆ ಮುಳ್ಳು ನೋಡುವವರೊಬ್ಬರು ಬೇಕಾಯಿತು.

"ನಾ ಕುಂತ್ರ ನಿನ್ನ ಕಾರು ಚಕ್ಕಡಿ ಆಗ್ತೈತಿ," ಎಂದು ಗೌಸಸಾಬ ಹೊಟ್ಟೆ ಸವರಿಕೊಂಡ.

ಅಣ್ಣ ನನ್ನತ್ತ ತಿರುಗಿದ. "ಮಾದೇವಿ, ನೀನ ಬಾ. ಬಿ.ಎ. ಓದಿ ಓದಿ ಹಂಚಿಕಡ್ಡಿಯಂಗ ತೆಳ್ಳಗ ಆಗೀದಿ."

ಬೇಡವೆನ್ನಲು ಬಾಯಿ ತೆರೆದೆ. ನಾನು ಹೋಗದಿದ್ದರೆ ಮುಳ್ಳು ನೋಡದೆಯೇ ಓಡಿಸುವವನು ಅವನು. ಹತ್ತಿ ಕೂತೆ.

ಮಾಸೂರಿನಾಚೆಯ ನೇರ ರಸ್ತೆ. ಮುಂಜಾನೆ. ದೂರದಲ್ಲಿ ಗೌಸಸಾಬ ಎತ್ತಿನ ಚಕ್ಕಡಿ, ಸೈಕಲ್ಲುಗಳನ್ನು ತಡೆದು ನಿಂತಿದ್ದ. ಅಣ್ಣ ಹವಾಯಿ ಚಪ್ಪಲಿ ಮೆಟ್ಟಿದ್ದ. ಅವನ ಕಾಲ್ಬೆರಳುಗಳಿಗೂ ಆ ಫ್ಲೈವೀಲಿಗೂ ನಡುವೆ ಇದ್ದದ್ದು ಒಂದಿಷ್ಟು ಲೋಹ, ಒಂದಿಷ್ಟು ತಗಡು. ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ.

"ಆರಕ್ಕ ಬಂದ ಕೂಡ್ಲೆ ಹೇಳು," ಎಂದ. ಏನೆಂದು ಹೇಳಬೇಕೆಂದು ನಾನು ಕೇಳಲಿಲ್ಲ.

ಬೆನ್ನು ಸೀಟಿಗೆ ಅಂಟಿತು. ಮೊದಲ ಗೇರಿನಲ್ಲಿ "ಆರು" ಎಂದೆ. ಅವನು ಗೇರು ಬದಲಿಸಿದ. ಎರಡನೆಯದರಲ್ಲಿ ಮುಳ್ಳು ನನ್ನ ಕಣ್ಣಿಗಿಂತ ಬೇಗ ಏರಿತು. ಆರು ದಾಟಿತು. ಕಾರ್ಬ್ಯುರೇಟರುಗಳು ಗಾಳಿ ಹೀರುವ ಸದ್ದು ಚೀರಾಟವಾಯಿತು. ಆರು ಎಂಬ ಪದವೇ ಸಿಗಲಿಲ್ಲ. ಕಾಲು ತೆಗೆಯಲಿ, ಅಷ್ಟೇ ನನಗೆ ಬೇಕಿದ್ದದ್ದು.

"ಬಿಡು," ಎಂದೆ. "ಅಣ್ಣ, ಬಿಡು ಬಿಡು."

ಅವನು ಇನ್ನೂ ಒತ್ತಿದ. ತಳದ ತಗಡು ನನ್ನ ಅಂಗಾಲಿನಡಿ ನಡುಗಿತು. ನಾನು ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡೆ. ಅವನ ಕಾಲುಗಳು ಅಲ್ಲೇ ಇದ್ದವು.

ಗೌಸಸಾಬನನ್ನು ದಾಟಿ ಬಹಳ ದೂರ ಹೋಗಿ ಕಾರು ನಿಂತಿತು. ಇಂಜಿನ್ ಆರಿಸಿದ ಮೇಲಿನ ನಿಶ್ಶಬ್ದದಲ್ಲಿ ಅಣ್ಣ ನಗುತ್ತಿದ್ದ.

"ನಾ ಕಾಲು ತಗೀಬೇಕಂತಿದ್ದೆ. ನೀ ಬಿಡು ಅಂದಿ ನೋಡು, ಒತ್ತಿಬಿಟ್ಟೆ. ಇಷ್ಟ ಧೈರ್ಯ ಎಲ್ಲಿತ್ತ ನಿನಗ?"

ಆಗ ತಿಳಿಯಿತು. ಸ್ಪರ್ಧೆಯಲ್ಲಿ ಎತ್ತುಗಳನ್ನು ಹುರಿದುಂಬಿಸುವಾಗಲೂ ಗಾಡಿ ಓಡಿಸು ಎನ್ನುವಾಗಲೂ ನಮ್ಮಲ್ಲಿ ಕೂಗುವುದು ಬಿಡು ಬಿಡು ಎಂದೇ.

"ಕಾಲು ಬಿಡು ಅಂದಿದ್ದೆ, ಅಣ್ಣ."

ಅವನ ನಗು ತಕ್ಷಣ ಹೋಗಲಿಲ್ಲ. ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು. "ಎಷ್ಟಿತ್ತು ಮುಳ್ಳು?"

"ಏಳು ದಾಟಿತ್ತು."

ಅವನು ತನ್ನ ಪಾದಗಳನ್ನು ನೋಡಿದ. ಬೆರಳುಗಳು ಚಪ್ಪಲಿಯೊಳಗೆ ಮುದುರಿಕೊಂಡವು. ಮುಳ್ಳು ಏಳು ದಾಟಿದ್ದರ ಅರಿವಿಲ್ಲದೆ ಏದುಸಿರು ಬಿಡುತ್ತ ಬಂದ ಗೌಸಸಾಬ, ಕಾರು ತಿರುಗಿಸು, ಮತ್ತೊಮ್ಮೆ ನೋಡೋಣ ಎಂದ. ಅಣ್ಣ ಕೀಲಿಗೆ ಕೈಯೊಯ್ದ. ಅದನ್ನು ತಿರುಗಿಸದೆ ಕೈ ಹಿಂದೆಗೆದುಕೊಂಡ. ಕೊನೆಗೆ ಕೆಳಗಿಳಿದು, ದೂಡಿಕೊಂಡೇ ಹೋಗೋಣ ಎಂದ.

ಮಾಸೂರಿನ ದಾರಿಯಲ್ಲಿ, ಹೊಲಕ್ಕೆ ಹೊರಟಿದ್ದ ಹೆಂಗಸರು ಮದುವೆ ಗಾಡಿ ಕೆಟ್ಟಿತೇ ಎಂದು ಗೇಲಿ ಮಾಡಿದರು. ಅವರು ಮರೆಯಾದ ಮೇಲೆ ಅಣ್ಣ ಕೇಳಿದ:

"ದಪ್ಪಂದು ಫ್ಲೈವೀಲ್ ಗುಜರ್ಯಾಗ ಸಿಗ್ತೈತೇನು, ಗೌಸಸಾಬ?"

"ಸಿಗ್ತೈತಿ. ಅದನ್ನ ಹಾಕಿದ್ರ ಸೋಲ್ತಿ."

"ಸೋಲ್ತೇನಿ."

ಗೌಸಸಾಬ ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗ್ ಹಿಡಿದಿದ್ದ. ನಾವಿಬ್ಬರೂ ಹಿಂದಿನಿಂದ ದೂಡುತ್ತಿದ್ದೆವು. ಇಂಜಿನ್ ಆರಿತ್ತು, ಫ್ಲೈವೀಲ್ ನಿಂತಿತ್ತು. ಆದರೂ ಮಾಸೂರು ಮುಟ್ಟುವ ತನಕ ಅಣ್ಣ ಒಮ್ಮೆಯೂ ಇಂಜಿನ್ನಿರುವ ಮುಂದಿನ ಬದಿಗೆ ಹೋಗಲಿಲ್ಲ.