ಬಿಸಿಲುಗೋಡೆ

ನಾಲ್ಕು ಕೋಲುಗಳಲ್ಲಿ ಒಂದರ ತುದಿ ಮಾತ್ರ ಹಿಮದ ಮೇಲೆ ಗೇಣುದ್ದ ಕಾಣುತ್ತಿತ್ತು. ವೇಗಾರ್ಡ್ ಕಟ್ಟಿದ್ದ ಕೆಂಪು ಪಟ್ಟಿ ಇನ್ನೂ ಅದರಲ್ಲಿತ್ತು, ಬಣ್ಣ ಕೂಡ ಮಾಸಿರಲಿಲ್ಲ. ತುರಿದ್ ಸ್ಕೀ ಮೇಲೆ ನಿಂತೇ ಅದನ್ನು ನೋಡಿದಳು. ಗಂಡ ನೆಟ್ಟದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಒಳಗಿನಿಂದ ಯಾವ ಉತ್ತರವೂ ಬರಲಿಲ್ಲ.

"ಮಿಕ್ಕಿದ್ದೆಲ್ಲಿ?" ಹಿಂದಿನಿಂದ ಬಂದ ಮಾವ, ವೇಗಾರ್ಡನ ಅಪ್ಪ ಹಾಲ್ವರ್, ಏದುಸಿರು ಬಿಡುತ್ತ ಕೇಳಿದ.

"ನಮ್ಮ ಕಾಲ ಕೆಳಗಿದಾವೆ. ಆಳೆತ್ತರದ ಕೋಲು ಅವು. ಇಲ್ಲಿ ಮನೆ ಕಟ್ಟಿದ್ರೆ ನಾವೀಗ ಸೂರಿನ ಪಕ್ಕ ನಿಂತಿರ್ತಿದ್ವಿ."

"ಹಾಗಾದ್ರೆ ಚಿಮಣಿ ಪಕ್ಕಾನೇ ಬಾಗಿಲಿಡು. ಓದಿದವಳಲ್ವಾ."

ಅವಳು ನಗಬೇಕಿತ್ತು. ಮೊದಲಾಗಿದ್ದರೆ ನಗುತ್ತಿದ್ದಳು.

ಬೆಟ್ಟದ ಮೇಲೆ ರಜೆಗೆಂದು ಕಟ್ಟುವ ಪುಟ್ಟ ಮರದ ಮನೆಗಳ, ಕ್ಯಾಬಿನ್ನುಗಳ, ನಕ್ಷೆ ಬರೆಯುವುದೇ ಅವಳ ಕೆಲಸ. ಕಟ್ಟಿಸಲು ಬಂದವರು ಯಾರೇ ಇರಲಿ, ಮೊದಲು ಒಂದು ಚಳಿಗಾಲ ಕೋಲು ನೆಟ್ಟು ಕಾಯಿರಿ ಎನ್ನುವಳು. ಗಾಳಿ ಹಿಮವನ್ನು ಎಲ್ಲಿ ತಂದು ಸುರಿಯುತ್ತದೆ ಎಂದು ತಿಳಿಯದೆ ಬೆಟ್ಟದ ಮೇಲೆ ಒಂದು ಗೆರೆಯನ್ನೂ ಎಳೆಯಬಾರದು. ಅಕ್ಟೋಬರಿನಲ್ಲಿ ತಮ್ಮದೇ ಜಾಗ ನೋಡಲು ಬಂದಾಗ ಮಾತ್ರ ಅವಳೂ ಎಲ್ಲರಂತೆ ಮರುಳಾಗಿದ್ದಳು. ಬಂಡೆಯ ಪೂರ್ವಕ್ಕೆ ಈ ತಗ್ಗಿನಲ್ಲಿ ಗಾಳಿಯೇ ಇರಲಿಲ್ಲ. ವೇಗಾರ್ಡ್ ಟೊಪ್ಪಿಗೆ ತೆಗೆದು ಬಂಡೆಗೆ ಒರಗಿ, ಕಾಲು ಚಾಚಿ, "ಇಲ್ಲೇ ನಮ್ಮ ಬಿಸಿಲುಗೋಡೆ. ಈಸ್ಟರಿಗೆ ಇಲ್ಲೇ ಕೂತು ಕಿತ್ತಳೆ ತಿನ್ನೋದು" ಎಂದಿದ್ದ. ಕ್ಯಾಬಿನ್ನಿನ ದಕ್ಷಿಣದ ಗೋಡೆಗೆ ಒರಗಿ ಮುಖಕ್ಕೆ ಬಿಸಿಲು ಕಾಯಿಸಿಕೊಳ್ಳುವುದಕ್ಕಲ್ಲದೆ ಇಷ್ಟು ಮೇಲೆ ಯಾರಾದರೂ ಯಾಕೆ ಬರುತ್ತಾರೆ? ಆಮೇಲೆ ಅವನೇ ಕೋಲು ನೆಟ್ಟ. "ಸ್ವಂತ ಗಂಡನಿಗೂ ಪರೀಕ್ಷೆ ತಪ್ಪಲಿಲ್ಲ ನೋಡು" ಎಂದು ಗೊಣಗುತ್ತ.

ನವೆಂಬರಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕುಸಿದ, ಮತ್ತೆ ಏಳಲಿಲ್ಲ. ಹೃದಯ ಎಂದರು.

ಅಂದಿನಿಂದ ಅವಳು ಎಲ್ಲವನ್ನೂ ಮಾಡುತ್ತಿದ್ದಳು. ಬೆಳಿಗ್ಗೆ ಏಳುತ್ತಿದ್ದಳು, ಬೇರೆಯವರ ನಕ್ಷೆ ಮುಗಿಸುತ್ತಿದ್ದಳು, ಯಾರಾದರೂ ಕೈ ಹಿಡಿದುಕೊಂಡರೆ ಅವರು ಬಿಡುವ ತನಕ ಸುಮ್ಮನೆ ನಿಲ್ಲುತ್ತಿದ್ದಳು. ಕಾಫಿ ಬಿಸಿಯಾಗಿದೆ ಎಂದು ತಿಳಿಯುತ್ತಿತ್ತು. ಕಾಫಿ ಎಂದು ತಿಳಿಯುತ್ತಿರಲಿಲ್ಲ.

ಇಂದು ನಿರ್ಧಾರವಾಗಲೇಬೇಕಿತ್ತು. ಹಾಲ್ವರ್ ತನ್ನ ಹಳೆಯ ಕುರಿದೊಡ್ಡಿಯನ್ನು ಬಿಚ್ಚಿ ದಿಮ್ಮಿಗಳನ್ನು ಕಣಿವೆಯಲ್ಲಿ ಜೋಡಿಸಿಟ್ಟಿದ್ದ. ಹೊಸ ಮರ ಕಡಿಯುವುದು ಬೇಡ, ಬಂಡೆ ಸಿಡಿಸುವುದು ಬೇಡ, ದಾರಿಯೂ ಬೇಡ ಎಂದು ವೇಗಾರ್ಡ್ ಮತ್ತು ಅವಳು ಮಾತಾಡಿಕೊಂಡಿದ್ದರು. ಕಂಬಗಳ ಮೇಲೆ ನಿಲ್ಲುವ ಚಿಕ್ಕ ಮನೆ. ಬೇಡವೆನಿಸಿದ ದಿನ ಎತ್ತಿಕೊಂಡು ಹೋದರೆ ನೆಲಕ್ಕೆ ನೆನಪೂ ಉಳಿಯಬಾರದು. ಹಿಮ ಗಟ್ಟಿ ಇರುವಾಗಲೇ ದಿಮ್ಮಿಗಳನ್ನು ಅದರ ಮೇಲೆ ಎಳೆದು ತರಬೇಕು. ಕರಗಿದ ಮೇಲೆ ಎಳೆದರೆ ಜೌಗು ನೆಲವೆಲ್ಲ ಸೀಳಿಹೋಗುತ್ತದೆ. ತಂದು ಎಲ್ಲಿ ಒಟ್ಟುವುದು ಎಂಬುದೊಂದೇ ಬಾಕಿ.

"ಇಲ್ಲೇ ಒಟ್ಟೋಣ," ಎಂದ ಹಾಲ್ವರ್.

"ಇಲ್ಲಿ ಆಗಲ್ಲ."

"ಅವನು ಕೂತಿದ್ದ ಜಾಗ ಇದು."

"ಗೊತ್ತು. ನಾನೂ ಪಕ್ಕದಲ್ಲೇ ಇದ್ದೆ."

"ಹಿಮ ಬಿದ್ರೆ ನಾನು ಬಂದು ತೋಡ್ತೀನಿ. ಪ್ರತಿ ವರ್ಷ ಬರ್ತೀನಿ."

"ಎಷ್ಟು ವರ್ಷ ತೋಡ್ತೀಯ, ಹಾಲ್ವರ್? ಈಗಲೇ ಏರು ಹತ್ತೋಕೆ ಉಸಿರು ಸಾಲ್ತಿಲ್ಲ."

ಅವನು ಕೈಗವಸು ತೆಗೆದು ಕೋಲಿನ ತುದಿಯನ್ನು ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಲಿಲ್ಲ. "ದಿಮ್ಮಿ ನನ್ನವು," ಎಂದ ಕೊನೆಗೆ. "ಬೇರೆ ಕಡೆ ಅಂದ್ರೆ ನಾನು ಕೊಡಲ್ಲ."

ತುರಿದ್ ತಲೆಯಾಡಿಸಿದಳು. ವಾದ ಮಾಡಲು ಬೇಕಾದದ್ದು ಅವಳಲ್ಲಿರಲಿಲ್ಲ. ಸುಮ್ಮನೆ ಸ್ಕೀ ತಿರುಗಿಸಿ ಬಂಡೆಯ ಬೆನ್ನಿನತ್ತ ಏರಿದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಅವನ ಸ್ಕೀ ಉಜ್ಜುವ ಸದ್ದು ಕೇಳಿತು.

ಮೇಲೆ ಹಿಮವೇ ಇರಲಿಲ್ಲ. ಪಶ್ಚಿಮದ ಗಾಳಿ ಎಲ್ಲವನ್ನೂ ಗುಡಿಸಿ ಆ ತಗ್ಗಿಗೆ ತುಂಬಿತ್ತು. ಬರಿಯ ಕಲ್ಲು, ಪಾಚಿ, ಕಿವಿ ಕೊರೆಯುವ ಚಳಿ. ಇಬ್ಬರೂ ಸ್ಕೀ ಬಿಚ್ಚಿದರು.

"ಇಲ್ಲೇನಾ?" ಹಾಲ್ವರ್ ಗಾಳಿಗೆ ಕೂಗಿ ಹೇಳಬೇಕಾಯಿತು. "ಇಲ್ಲಿ ಕುರಿಯೂ ನಿಲ್ಲಲ್ಲ. ಎಲ್ಲಿದೆ ನಿನ್ನ ಬಿಸಿಲುಗೋಡೆ?"

"ಆ ಕಡೆ ತಿರುಗಿ ನಿಲ್ಲು. ಗಾಳಿಗೆ ಎದೆ ಕೊಟ್ಟು. ಕಾಲು ಅಗಲ ಮಾಡು."

"ನಾನೇನು ಬೆದರುಗೊಂಬೆನಾ?"

"ನೀನೀಗ ನನ್ನ ಪಶ್ಚಿಮದ ಗೋಡೆ. ಅಲ್ಲಾಡಬೇಡ."

ಅವನು ಬೈದುಕೊಂಡೇ ನಿಂತ. ಅಗಲ ಬೆನ್ನಿನ ಮನುಷ್ಯ. ತುರಿದ್ ಅವನ ಹಿಂದೆ ಕಲ್ಲಿನ ಮೇಲೆ ಕುಳಿತು ದಕ್ಷಿಣಕ್ಕೆ ಮುಖ ಮಾಡಿದಳು. ಗಾಳಿ ಅವನ ಎರಡೂ ಪಕ್ಕದಲ್ಲಿ ಹಾದುಹೋಯಿತು. ಮನೆಯನ್ನು ಮೊಣಕೈಯಂತೆ ಮಡಿಸಬೇಕು. ಮಡಿಕೆಯ ಒಳಗೆ ಬೆಂಚು. ಕಂಬಗಳ ಸಂದಿನಲ್ಲಿ ಗಾಳಿ ನುಗ್ಗಿ ಬಾಗಿಲ ಮುಂದಿನ ಹಿಮವನ್ನು ತಾನೇ ಒಯ್ಯುತ್ತದೆ. ಜೇಬಿನಿಂದ ಕಿತ್ತಳೆ ತೆಗೆದು ಸುಲಿದಳು. ಕೆನ್ನೆಯ ಮೇಲೆ ಏನೋ ಇತ್ತು. ಬಿಸಿಲು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಸತ್ತೆಯಾ ಬದುಕಿದೀಯಾ?" ಎಂದ ಗೋಡೆ.

"ಬೆಚ್ಚಗಿದೆ."

ಅವಳು ಎದ್ದು ಅವನ ಭುಜ ಹಿಡಿದು ಕೂರಿಸಿ, ಅರ್ಧ ಕಿತ್ತಳೆ ಕೈಗಿಟ್ಟು, ತಾನು ಗಾಳಿಗೆ ಎದುರಾಗಿ ನಿಂತಳು. ಅವಳಿಗೆ ಅವನಷ್ಟು ಅಗಲವಿಲ್ಲ. ಜಾಕೆಟ್ಟನ್ನು ಎರಡೂ ಕೈಯಿಂದ ಬಿಡಿಸಿ ಹಿಡಿದಳು. ಕಣ್ಣಲ್ಲಿ ನೀರು ಬಂತು. ಗಾಳಿಗೆ ಬರುವ ನೀರು.

ಬೆನ್ನ ಹಿಂದೆ ಅವನು ಒಂದೊಂದೇ ತೊಳೆ ಬಿಡಿಸಿ ತಿಂದ.

"ಇಲ್ಲಿಂದ ಅದು ಕಾಣತ್ತಾ?" ಹಾಲ್ವರ್ ಕೇಳಿದ. "ತಗ್ಗು."

"ನಿನ್ನ ಎಡಕ್ಕೆ ನೋಡು."

ಅವನು ನೋಡಿರಬೇಕು. ಬಿಳಿ, ಸಪಾಟು, ಅದರಲ್ಲೊಂದು ಕೆಂಪು ಚುಕ್ಕೆ.

"ಎಲ್ಲರ ಹಾಗೆ ಕಿಟಕಿ ಬೆಟ್ಟದ ಶಿಖರದ ಕಡೆ ಬೇಡ," ಎಂದ. "ಆ ತಗ್ಗಿನ ಕಡೆಗಿಡು."

"ಚಿಕ್ಕದಿಡ್ತೀನಿ. ದೊಡ್ಡದಿಟ್ರೆ ಕಾವು ಹೋಗತ್ತೆ."

"ಚಿಕ್ಕದೇ ಸಾಕು." ಅವಳು ಕಲ್ಲಿನ ಮೇಲಿಟ್ಟಿದ್ದ ಸಿಪ್ಪೆಯನ್ನು ಅವನು ಜೇಬಿಗೆ ಹಾಕಿಕೊಳ್ಳುವುದು ಕೇಳಿಸಿತು. "ಗುರುವಾರ ದಿಮ್ಮಿ ತರಿಸ್ತೀನಿ. ಸ್ವಲ್ಪ ಬಲಕ್ಕೆ ಸರಿ ಮಾರಾಯ್ತಿ, ಗಾಳಿ ಒಳಗೆ ಬಿಡ್ತಿದೀಯ."

ತುರಿದ್ ಬಲಕ್ಕೆ ಸರಿದು ನಿಂತಳು.